ಒಲೆಯಿಂದ ಶುರು ಮಾಡಿ: ನಮ್ಮೂರಲ್ಲಿ ಏಷ್ಯಾದ ಬೀದಿ ತಿನಿಸಿನ ಹಾಲ್ ಕಟ್ಟುವವರಿಗೆ

ಏಷ್ಯಾದ ಬೀದಿ ತಿನಿಸಿನ ಹಾಲ್ ಅಂದ ಕೂಡಲೇ ಹೆಚ್ಚಿನವರ ಕಣ್ಣ ಮುಂದೆ ಬರೋದು ಕೆಂಪು ಲಾಟೀನು, ಗೋಡೆ ಮೇಲೊಂದು ಡ್ರ್ಯಾಗನ್, ಬಾಗಿಲಲ್ಲೊಂದು ಬುದ್ಧನ ಮೂರ್ತಿ. ಇಷ್ಟು ತಂದಿಟ್ಟರೆ ಕೆಲಸ ಮುಗೀತು ಅಂತ ಮಾಲೀಕರು ಅಂದುಕೊಳ್ಳುತ್ತಾರೆ. ಕೆಲವೇ ತಿಂಗಳಲ್ಲಿ ಲಾಟೀನಿಗೆ ಎಣ್ಣೆ ಜಿಡ್ಡು ಹತ್ತುತ್ತದೆ, ಜಿಡ್ಡಿನ ಮೇಲೆ ನಮ್ಮೂರ ಧೂಳು ಕೂರುತ್ತದೆ, ಒಳಗೆ ಕೂತವರು ಕಣ್ಣು ಒರೆಸಿಕೊಳ್ಳುತ್ತಾ ನೂಡಲ್ಸ್ ತಿನ್ನುತ್ತಾರೆ. ನೀವು ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಎಲ್ಲೇ ಇಂಥ ಜಾಗ ಮಾಡಬೇಕು ಅಂತಿದ್ದರೂ ದಯವಿಟ್ಟು ಅಲಂಕಾರದಿಂದ ಶುರು ಮಾಡಬೇಡಿ. ಒಲೆ ಎಲ್ಲಿ, ಹೊಗೆ ಯಾವ ಕಡೆ ಹೋಗುತ್ತದೆ, ತಿನ್ನುವವರು ಎಲ್ಲಿ ನಿಲ್ಲುತ್ತಾರೆ, ಈ ಮೂರನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಬೀದಿಯ ಕಳೆ ಬರೋದು ಅಲ್ಲಿಂದಲೇ.

ಮೊದಲು ದುರ್ಗದಬೈಲಿಗೆ ಹೋಗಿ ನಿಲ್ಲಿ

ಸಿಂಗಾಪುರದ ಫೋಟೋ ನೋಡುವುದಕ್ಕೆ ಮುಂಚೆ, ಒಂದು ಸಂಜೆ ಅಳತೆ ಟೇಪ್ ಜೇಬಲ್ಲಿಟ್ಟುಕೊಂಡು ಹುಬ್ಬಳ್ಳಿಯ ದುರ್ಗದಬೈಲಿನ ತಿನಿಸಿನ ಗಾಡಿಗಳ ಹತ್ತಿರ ಹೋಗಿ. ತಿನ್ನೋಕಲ್ಲ, ನೋಡೋಕೆ. ತಿಂದರೆ ಒಳ್ಳೇದೇ.

ಮಿರ್ಚಿ ಭಜಿ ಮಾಡುವವರ ಕೈ ನೋಡಿ. ಕಡಾಯಿ ಎದುರಿಗೇ ಇದೆ. ಎಡಕ್ಕೆ ಕಡ್ಲಿ ಹಿಟ್ಟಿನ ಬೋಗುಣಿ, ಅದರ ಪಕ್ಕ ಸೀಳಿಟ್ಟ ಮೆಣಸಿನಕಾಯಿ. ಬಲಕ್ಕೆ ಎಣ್ಣೆ ಸೋರಲು ಇಟ್ಟ ಜಾಲರಿ, ಅದರಾಚೆ ಪ್ಲೇಟು. ಅವರು ಒಂದು ಹೆಜ್ಜೆಯೂ ಕದಲುವುದಿಲ್ಲ. ಸೊಂಟ ಸ್ವಲ್ಪ ತಿರುಗಿದರೆ ಎಲ್ಲ ಕೈಗೆ ಸಿಗುತ್ತದೆ, ಇಡೀ ಅಂಗಡಿ ಐದಾರು ಅಡಿ ಉದ್ದದ್ದು. ಪಕ್ಕದ ಗಾಡಿಯಲ್ಲಿ ಗಿರಮಿಟ್ ಕಲಸುತ್ತಿರುತ್ತಾರೆ. ಚುರುಮುರಿ, ಒಗ್ಗರಣೆ, ಪುಟಾಣಿ ಹಿಟ್ಟು ಒಂದೇ ಪಾತ್ರೆಗೆ ಬಿದ್ದು ಸೌಟಿನ ಸದ್ದು ಶುರುವಾದರೆ ಹೋಗುವವರ ಕಾಲು ತಾನಾಗಿ ನಿಧಾನ ಆಗುತ್ತದೆ. ಬೋರ್ಡ್ ಓದಿ ಯಾರೂ ನಿಲ್ಲೋದಿಲ್ಲ. ಕೈ ನೋಡಿ, ಸದ್ದು ಕೇಳಿ, ವಾಸನೆ ಹಿಡಿದು ನಿಲ್ಲುತ್ತಾರೆ.

ಈಗ ಗಾಡಿಯ ಮುಂದಿನ ಜಾಗ ಅಳೆಯಿರಿ. ಗಾಡಿಗೆ ಅಂಟಿಕೊಂಡು ನಿಂತು ತಿನ್ನುವವರು ಒಂದು ಸಾಲು, ಅವರ ಬೆನ್ನಿಗೆ ಕಾಯುವವರು ಇನ್ನೊಂದು ಸಾಲು, ಅದರಾಚೆ ನಡೆದು ಹೋಗುವವರು. ಮೊದಲ ಎರಡು ಸಾಲಿಗೇ ಸುಮಾರು ನಾಲ್ಕು ಅಡಿ ಬೇಕು, ನಡೆಯುವವರಿಗೆ ಮತ್ತೆ ನಾಲ್ಕು. ಈ ಎಂಟು ಅಡಿಯೇ ನಿಮ್ಮ ಹಾಲಿನ ಬೀದಿ. ಬಹಳ ಜನ ಇದನ್ನು ಖರ್ಚಿಲ್ಲದ ಖಾಲಿ ಜಾಗ ಅಂತ ತಿಳಿದು ಅಲ್ಲಿಗೂ ಟೇಬಲ್ ತುಂಬಿಬಿಡುತ್ತಾರೆ. ಆಗ ಕಾಯುವವರು ಕೂತವರ ತಟ್ಟೆ ಮೇಲೆ ಬಾಗಿ ನಿಲ್ಲಬೇಕಾಗುತ್ತದೆ, ಬೀದಿ ಹೋಗಿ ಕ್ಯಾಂಟೀನ್ ಆಗುತ್ತದೆ.

ಉಳಿದ ಏಷ್ಯಾ ಏನು ಹೇಳಿಕೊಡುತ್ತದೆ

ಬೀದಿ ತಿನಿಸನ್ನು ಸೂರಿನ ಕೆಳಗೆ ತರುವ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದವರು ಸಿಂಗಾಪುರದವರು. 1968-69ರಲ್ಲಿ ಬೀದಿ ವ್ಯಾಪಾರಿಗಳ ಹೆಸರು ನೋಂದಾಯಿಸಿಕೊಂಡರು, 1971ರಿಂದ 1986ರವರೆಗೆ ಹಾಕರ್ ಸೆಂಟರ್‌ಗಳನ್ನು ಕಟ್ಟಿ ನಲ್ಲಿ ನೀರು, ಗಟಾರ, ಕರೆಂಟು ಕೊಟ್ಟು ಒಳಗೆ ಕೂರಿಸಿದರು. 2020ರ ಡಿಸೆಂಬರ್‌ನಲ್ಲಿ ಈ ಹಾಕರ್ ಸಂಸ್ಕೃತಿ ಯುನೆಸ್ಕೊ ಪಟ್ಟಿಗೂ ಸೇರಿತು. ಅಲ್ಲಿನ ಲಾವ್ ಪಾ ಸಾತ್ ಕಟ್ಟಡ 1894ರದ್ದು. ಎಂಟು ಮೂಲೆ, ಎರಕದ ಕಬ್ಬಿಣದ ಕಂಬಗಳು, ಗಾಳಿಯಾಡುವ ಬದಿಗಳು, ನಡುವೆ ಗಡಿಯಾರದ ಗೋಪುರ. ಅದರಲ್ಲಿ ನನಗೆ ಬಹಳ ಮೆಚ್ಚುಗೆಯಾಗುವ ವಿಷಯ ಕಟ್ಟಡದ ಹೊರಗಿನದು: ಸಂಜೆ ಪಕ್ಕದ ರಸ್ತೆಯನ್ನು ವಾಹನಗಳಿಗೆ ಮುಚ್ಚಿ, ಕಡ್ಡಿಗೆ ಚುಚ್ಚಿದ ಮಾಂಸವನ್ನು ಕೆಂಡದ ಮೇಲೆ ಸುಡುವ ಸಾತೇ ಅಂಗಡಿಗಳನ್ನು ಅಲ್ಲಿ ಹಾಕುತ್ತಾರೆ. ಅಂದರೆ ಜಾಸ್ತಿ ಹೊಗೆಯ ಒಲೆ ಸೂರಿನ ಹೊರಗೆ. ನಿಮ್ಮ ಹಾಲಿನಲ್ಲೂ ಕೆಂಡದ ಒಲೆ ಇದ್ದರೆ ಅಂಗಳದಲ್ಲೋ ಮುಂದಿನ ಕಟ್ಟೆಯಲ್ಲೋ ಇರಲಿ.

ಜಪಾನಿನ ಫುಕುವೊಕಾದ ಯತಾಯಿ ಗಾಡಿ ಇನ್ನೊಂದು ಪಾಠ. ಒಂದು ಕಟ್ಟೆ, ಅದರ ಸುತ್ತ ಎಂಟು ಹತ್ತು ಜನ, ಎದುರಿಗೆ ಅಡುಗೆಯವರು. ಪರಿಚಯ ಇಲ್ಲದವರೂ ಭುಜಕ್ಕೆ ಭುಜ ತಾಗಿ ಕೂರುತ್ತಾರೆ. ರಾಮೆನ್, ಸೂಪು ಮಾರುವ ಅಂಗಡಿಗೆ ಈ ನಮೂನೆ ಹೇಳಿ ಮಾಡಿಸಿದಂತೆ ಇರುತ್ತದೆ. ದಕ್ಷಿಣ ಕೊರಿಯಾದ ಸೋಲ್ ನಗರದ ಪೊಜಾಂಗ್ಮಾಚಾ ಅನ್ನೋ ಬೀದಿ ಅಂಗಡಿಗಳಿಂದ ತಾಡಪತ್ರಿ ಹೊದಿಕೆ ಕಲಿಯಬಹುದು. ಎತ್ತರದ ಗೋದಾಮಿನಂಥ ಹಾಲಿನಲ್ಲಿ ಏಳೆಂಟು ಅಡಿ ಎತ್ತರಕ್ಕೆ ಒಂದು ಚಪ್ಪರ ಇಳಿಸಿದರೆ ಅದರ ಕೆಳಗೆ ಕೂತವರಿಗೆ ಬೆಚ್ಚಗೆ ಅನಿಸುತ್ತದೆ. ಒಳಗೆ ಹಾಕುವ ಹೊದಿಕೆ ಬೆಂಕಿ ಬೇಗ ಹಿಡಿಯದ ಬಟ್ಟೆಯದೇ ಆಗಿರಲಿ.

ವಿಯೆಟ್ನಾಮಿನ ಗಿಡ್ಡ ಪ್ಲಾಸ್ಟಿಕ್ ಸ್ಟೂಲ್ ಫೋಟೋದಲ್ಲಿ ಚಂದ. ನಮ್ಮಲ್ಲಿ ಅಜ್ಜ, ಅಜ್ಜಿ, ಮೊಮ್ಮಕ್ಕಳು ಸೇರಿ ಎಂಟು ಜನ ಒಟ್ಟಿಗೆ ಬರುತ್ತಾರೆ, ಮೊಣಕಾಲು ನೋವಿನವರು ಒಂದಡಿ ಎತ್ತರದ ಸ್ಟೂಲ್ ಮೇಲೆ ಕೂತರೆ ಏಳಿಸೋಕೆ ಇಬ್ಬರು ಬೇಕು. ಕಾಲೇಜು ಹುಡುಗರಿಗೆ ಅಂತ ಒಂದು ಮೂಲೆಯಲ್ಲಿ ಹತ್ತು ಸ್ಟೂಲ್ ಹಾಕಿ, ಸಾಕು.

ಜಾಗದ ಲೆಕ್ಕ

ಗೋಕುಲ ರೋಡಿನಲ್ಲೋ ವಿದ್ಯಾನಗರದಲ್ಲೋ 3,000 ಚದರ ಅಡಿ ಸಿಕ್ಕಿತು ಅಂತಿಟ್ಟುಕೊಳ್ಳಿ. ಎಂಟು ಅಂಗಡಿ, ಒಂದೊಂದು ಹತ್ತಡಿ ಅಗಲ ಹತ್ತಡಿ ಆಳ, ಒಟ್ಟು 800. ಹಿಂದೆ ಪಾತ್ರೆ ತೊಳೆಯೋಕೆ, ಸಾಮಾನು ಇಡೋಕೆ 450. ಶೌಚಾಲಯ, ಕೈ ತೊಳೆಯುವ ಜಾಗ 200. ಉಳಿದದ್ದು 1,550. ನಡೆಯುವ ದಾರಿ ಸೇರಿಸಿ ಒಬ್ಬರಿಗೆ 15 ಚದರ ಅಡಿ ಹಿಡಿದರೆ ನೂರು ಸೀಟು. ನೂರ ಐವತ್ತು ಸೀಟು ಕೂರಿಸಿ ಅಂತ ಮಾಲೀಕರು ಒತ್ತಾಯ ಮಾಡೇ ಮಾಡುತ್ತಾರೆ. ಆಗ ಐವತ್ತು ಜನಕ್ಕೆ ನಿಂತು ತಿನ್ನುವ ಕಟ್ಟೆ ತೋರಿಸಿ: 42 ಇಂಚು ಎತ್ತರ, ಒಂದಡಿ ಅಗಲ, ಗೋಡೆ ಉದ್ದಕ್ಕೂ, ಕಂಬದ ಸುತ್ತ. ಭಜಿ, ಮೋಮೊ, ಸ್ಪ್ರಿಂಗ್ ರೋಲ್ ತಿನ್ನೋಕೆ ಯಾರಿಗೂ ಕುರ್ಚಿ ಬೇಕಾಗಿಲ್ಲ.

ಊಟದ ಟೇಬಲ್ 30 ಇಂಚು, ಕುರ್ಚಿ 18 ಇಂಚು. ಅಂಗಡಿ ಮುಂದಿನ ಬೀದಿ ಬಿಟ್ಟು ಬೇರೆ ದಾರಿಗಳಿಗೆ ನಾಲ್ಕಡಿ ಸಾಕು, ವೀಲ್‌ಚೇರ್ ಹೋಗುವ ಹಾಗೆ. ಬಾಗಿಲಲ್ಲಿ ಪಾವಟಿಗೆ ಇದ್ದರೆ ಪಕ್ಕದಲ್ಲಿ ಇಳಿಜಾರು ಬೇಕೇ ಬೇಕು. ಒಂದಡಿ ಏರೋಕೆ ಹನ್ನೆರಡು ಅಡಿ ಉದ್ದ.

ಅಡುಗೆ ಕಟ್ಟೆಯ ಎತ್ತರಕ್ಕೆ ಎಲ್ಲರೂ 34 ಇಂಚು ಹಾಕಿಬಿಡುತ್ತಾರೆ. ತರಕಾರಿ ಹೆಚ್ಚೋಕೆ ಅದು ಸರಿ. ಆದರೆ ವೋಕ್, ಅಂದರೆ ಗುಂಡು ತಳದ ಚೀನಿ ಬಾಣಲೆ ಇಡುವ ಒಲೆ ಬೇರೆ. ಬಾಣಲೆಯ ಅಂಚು ಒಲೆಗಿಂತ ಮೇಲೆ ಏಳುತ್ತದೆ, ಅದನ್ನು ದಿನಕ್ಕೆ ನೂರಾರು ಸಲ ಎತ್ತಿ ಹಾರಿಸಬೇಕು. ಒಲೆ 30 ಇಂಚಿಗೆ ಇಳಿದರೆ ಭುಜ ಉಳಿಯುತ್ತದೆ. ಅಡುಗೆಯವರನ್ನು ಕರೆಸಿ, ಇಟ್ಟಿಗೆ ಮೇಲೆ ಒಲೆ ಇಟ್ಟು, ಖಾಲಿ ಬಾಣಲೆ ಆಡಿಸೋಕೆ ಹೇಳಿ ಎತ್ತರ ಗುರುತು ಹಾಕಿ. ಆಮೇಲೆ ಗೌಂಡಿಗೆ ಹೇಳಿ.

ಅಂಗಡಿಯ ಮುಂಭಾಗದಲ್ಲಿ ಏನಿರಬೇಕು ಅನ್ನೋದೂ ಮುಖ್ಯ. ಮೋಮೊ ಬೇಯುವ ಬಿದಿರಿನ ಬುಟ್ಟಿ, ತವಾ, ನೂಡಲ್ಸ್ ಎಳೆಯುವ ಹಲಗೆ ಎಲ್ಲ ಮುಂದೆ ಬರಲಿ. ಆವಿ ಏಳುವುದು ಕಾಣಬೇಕು. ವೋಕ್ ಉರಿಯೂ ಕಾಣಲಿ, ಆದರೆ ಗಟ್ಟಿ ಟಫನ್ಡ್ ಗಾಜಿನ ಹಿಂದೆ. ಕುದಿಯುವ ಎಣ್ಣೆ ಕಡಾಯಿ ಮಾತ್ರ ಗ್ರಾಹಕರ ಅಂಚಿನಿಂದ ಎರಡಡಿಯಾದರೂ ಒಳಗಿರಲಿ. ಮಕ್ಕಳು ಕಟ್ಟೆ ಹಿಡಿದು ಇಣುಕುತ್ತಾರೆ, ಅದನ್ನು ತಡೆಯೋಕೆ ಆಗೋದಿಲ್ಲ, ತಡೆಯಲೂ ಬಾರದು.

ಹೊಗೆ, ಗ್ಯಾಸು, ಗಾಳಿ

ಕಾಸಿನ ದೊಡ್ಡ ಪಾಲು ಇಲ್ಲಿಗೆ ಹೋಗಬೇಕು. ಏಷ್ಯಾ ಅಡುಗೆ ಅಂದರೆ ಜೋರು ಉರಿ, ಕಾದ ಎಣ್ಣೆ, ಮೆಣಸಿನ ಘಾಟು. ಬ್ಯಾಡಗಿ ಮೆಣಸಿನಕಾಯಿ ಹುರಿದ ಮನೆಯಲ್ಲಿ ಹೇಗೆ ಓಣಿಯ ತುದಿಯವರೆಗೆ ಕೆಮ್ಮು ಬರುತ್ತದೋ ಎಂಟು ವೋಕ್ ಒಟ್ಟಿಗೆ ಉರಿದರೆ ಹಾಗೇ.

ಪ್ರತಿ ಒಲೆಯ ಮೇಲೆ ಹೊಗೆ ಹಿಡಿಯುವ ಹುಡ್, ಒಲೆಗಿಂತ ಎಲ್ಲ ಬದಿಗೂ ಆರು ಇಂಚು ಹೊರಚಾಚಿರಬೇಕು. ನೆಲದಿಂದ ಹುಡ್ ಅಂಚಿಗೆ ಆರೂವರೆ ಅಡಿ. ಒಳಗೆ ಸ್ಟೀಲಿನ ಪಟ್ಟಿಗಳ ಬ್ಯಾಫಲ್ ಫಿಲ್ಟರ್ ಹಾಕಿ, ಬಲೆ ಜಾಲರಿ ಬೇಡ. ಜಾಲರಿಯಲ್ಲಿ ಜಿಡ್ಡು ಕಟ್ಟಿಕೊಂಡು ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಹೊಗೆ ಹೋಗುವ ಕೊಳವೆಗೆ, ಅಂದರೆ ಡಕ್ಟ್‌ಗೆ, ಹತ್ತು ಹನ್ನೆರಡು ಅಡಿಗೊಂದು ಬಾಗಿಲು ಇಡಿಸಿ, ಒಳಗೆ ಕೈ ಹಾಕಿ ತೊಳೆಯೋಕೆ. ಇದನ್ನು ಬಿಟ್ಟುಬಿಟ್ಟರೆ ಆಮೇಲೆ ಸೀಲಿಂಗ್ ಒಡೆಯದೆ ಡಕ್ಟ್ ತೊಳೆಯೋಕೆ ಆಗೋದೇ ಇಲ್ಲ.

ಎಕ್ಸಾಸ್ಟ್ ಎಷ್ಟು ಗಾಳಿ ಎಳೆಯುತ್ತದೋ ಅದರ ಸುಮಾರು ಶೇ. 80 ತಾಜಾ ಗಾಳಿಯನ್ನು ಫ್ಯಾನ್ ಇಟ್ಟು ಅಡುಗೆ ಭಾಗಕ್ಕೇ ಕೊಡಬೇಕು. ಉಳಿದ ಶೇ. 20 ಕೂರುವ ಕಡೆಯಿಂದ ಅಂಗಡಿಯೊಳಕ್ಕೆ ಹರಿಯುತ್ತದೆ. ಆಗ ಹೊಗೆ ಹೊರಗೆ ಬರೋದಿಲ್ಲ, ವಾಸನೆ ಮಾತ್ರ ಹದವಾಗಿ ಬರುತ್ತದೆ. ಸರಿಯಾಗಿದೆಯಾ ಅಂತ ನೋಡೋಕೆ ಯಂತ್ರ ಬೇಡ. ಎಲ್ಲ ಫ್ಯಾನ್ ಹಾಕಿ, ಅಂಗಡಿ ಕಟ್ಟೆಯ ಅಂಚಿನಲ್ಲಿ ಒಂದು ಊದುಬತ್ತಿ ಹಚ್ಚಿ ಹಿಡಿಯಿರಿ. ಹೊಗೆ ಒಲೆ ಕಡೆ ಬಾಗಿದರೆ ಸರಿ. ನಿಮ್ಮ ಮುಖಕ್ಕೆ ಬಂದರೆ ಗುತ್ತಿಗೆದಾರರಿಗೆ ಬಾಕಿ ದುಡ್ಡು ಕೊಡಬೇಡಿ.

ಇನ್ನೊಂದು ಮಾತು ನಮ್ಮ ಭಾಗಕ್ಕೇ ಸೇರಿದ್ದು. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿ ಪಶ್ಚಿಮ, ನೈಋತ್ಯದ ಕಡೆಯಿಂದ ಜೋರಾಗಿ ಬೀಸುತ್ತದೆ, ಧಾರವಾಡದಲ್ಲಿ ಮಳೆಯೂ ಅದರ ಜೊತೆ ಅಡ್ಡ ಹೊಡೆಯುತ್ತದೆ. ಹೊಗೆ ಕೊಳವೆಯ ಬಾಯಿ ಪೂರ್ವಕ್ಕೆ ಇರಲಿ, ತಾಜಾ ಗಾಳಿಯ ಕಿಂಡಿ ಪಶ್ಚಿಮಕ್ಕಿರಲಿ, ಅದಕ್ಕೆ ಮಳೆ ತಡೆಯುವ ರೆಕ್ಕೆ ಮತ್ತು ಧೂಳಿನ ಫಿಲ್ಟರ್ ಇರಲಿ. ಉಲ್ಟಾ ಮಾಡಿದರೆ ಬಿಟ್ಟ ಹೊಗೆಯನ್ನೇ ಮತ್ತೆ ಒಳಗೆ ಎಳೆದುಕೊಳ್ಳುತ್ತೀರಿ.

ಗ್ಯಾಸ್ ಸಿಲಿಂಡರ್ ಅಂಗಡಿಯೊಳಗೆ ಬೇಡ. ಹೊರಗೆ ಗಾಳಿಯಾಡುವ ಜಾಲರಿ ಕೋಣೆಯಲ್ಲಿಟ್ಟು ಪೈಪಿನಲ್ಲಿ ತನ್ನಿ. ಹೋಟೆಲ್ ಸಿಲಿಂಡರ್ 19 ಕಿಲೋದ್ದು. ಒಟ್ಟು 100 ಕಿಲೋ ದಾಟಿ ಇಟ್ಟುಕೊಳ್ಳಬೇಕಾದರೆ ಪೆಸೊ (ಪೆಟ್ರೋಲಿಯಂ, ಸ್ಫೋಟಕಗಳ ಸುರಕ್ಷತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ) ಲೈಸೆನ್ಸ್ ಬೇಕು, ಅಂದರೆ ಐದು ಸಿಲಿಂಡರ್‌ವರೆಗೆ ಪರವಾಗಿಲ್ಲ, ಆರನೆಯದು ತಂದರೆ ಕಾಗದಪತ್ರ ಶುರು. ಎಂಟು ಅಂಗಡಿಗೆ ಐದು ಸಾಲೋದು ಕಷ್ಟ, ಅದಕ್ಕೇ ಅರ್ಜಿಯನ್ನು ನಕ್ಷೆ ಹಾಕುವಾಗಲೇ ಹಾಕಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡುತ್ತದೆ. ಆದ್ದರಿಂದ ಸೋರಿಕೆ ತಿಳಿಸುವ ಅಲಾರಂ ನೆಲದಿಂದ ಒಂದಡಿ ಎತ್ತರದಲ್ಲಿ ಇರಬೇಕು, ಸೀಲಿಂಗಿನಲ್ಲಿ ಅಲ್ಲ. ಎಣ್ಣೆ ಬೆಂಕಿಗೆ ನೀರು ಹಾಕಿದರೆ ಉರಿ ಸಿಡಿದು ಹರಡುತ್ತದೆ, ಹಾಗಾಗಿ ಪ್ರತಿ ಕರಿಯುವ ಒಲೆಯ ಹತ್ತಿರ ವೆಟ್ ಕೆಮಿಕಲ್ ನಂದಕ ಇಡಿ.

ವೆಜ್ ಮತ್ತು ನಾನ್‌ವೆಜ್

ಇದರಲ್ಲಿ ಮುಲಾಜು ಬೇಡ. ಸಾವಜಿ ಊಟಕ್ಕೆ ದೂರದಿಂದ ಬರುವವರು ಇರುವ ಊರು ಇದೇ, ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದ ಮನೆಗಳು ಇರುವ ಊರೂ ಇದೇ. ಇಬ್ಬರಿಗೂ ಒಂದೇ ಹಾಲಿನಲ್ಲಿ ಸಮಾಧಾನ ಸಿಗಬೇಕು. ಏಷ್ಯಾ ಅಡುಗೆಯಲ್ಲಿ ಇದು ಇನ್ನೂ ಸೂಕ್ಷ್ಮ. ಮೀನಿನ ಸಾಸ್, ಆಯ್‌ಸ್ಟರ್ ಸಾಸ್, ಮೂಳೆ ಬೇಯಿಸಿದ ಸೂಪಿನ ನೀರು ಕಣ್ಣಿಗೆ ಕಾಣದೆ ತಟ್ಟೆಗೆ ಬರುತ್ತವೆ. ಬರೀ ಬೋರ್ಡ್ ಹಾಕಿದರೆ ಸಾಲದು. ವೆಜ್ ಅಂಗಡಿಗಳೆಲ್ಲ ಒಂದು ಬದಿ, ನಾನ್‌ವೆಜ್ ಎಲ್ಲ ಎದುರು ಬದಿ. ಎರಡಕ್ಕೂ ಬೇರೆ ಸಿಂಕು, ಬೇರೆ ಫ್ರಿಜ್ಜು, ಬೇರೆ ಕರಿಯುವ ಎಣ್ಣೆ, ಹಿಂದೆ ಸಾಮಾನು ಬರುವ ಬಾಗಿಲೂ ಬೇರೆ. ನಡುವೆ ಕೂರುವ ಜಾಗ.

ಸಿಂಗಾಪುರದಲ್ಲಿ 2021ರಿಂದ ಹಾಕರ್ ಸೆಂಟರ್‌ಗಳಲ್ಲಿ ತಿಂದವರೇ ಟ್ರೇ ವಾಪಸ್ ಇಡುವುದು ಕಡ್ಡಾಯ. ಹಲಾಲ್ ಟ್ರೇಗೆ ಒಂದು ಕಪಾಟು, ಹಲಾಲ್ ಅಲ್ಲದ್ದಕ್ಕೆ ಇನ್ನೊಂದು. ಇದೇ ಪದ್ಧತಿ ನಮಗೂ ಸರಿಹೋಗುತ್ತದೆ. ಹಸಿರು ಟ್ರೇ ವೆಜ್‌ಗೆ, ಕಂದು ಟ್ರೇ ನಾನ್‌ವೆಜ್‌ಗೆ. ಪ್ಯಾಕೆಟ್ ಮೇಲಿನ ಗುರುತಿನ ಬಣ್ಣ ಜನಕ್ಕೆ ಗೊತ್ತೇ ಇದೆ. ಟ್ರೇ ಕಪಾಟು ಹೊರಹೋಗುವ ದಾರಿಯಲ್ಲೇ ಕೈಗೆ ಸಿಗುವ ಹಾಗಿದ್ದರೆ ಮಾತ್ರ ಜನ ಇಡುತ್ತಾರೆ. ಮೂಲೆಯಲ್ಲಿಟ್ಟು ಬೋರ್ಡ್ ಬರೆದರೆ ಇಡೋದಿಲ್ಲ.

ಕೈ ತೊಳೆಯುವ ಬೇಸಿನ್ ಹಾಲಿನ ಒಳಗೇ, ಎಲ್ಲರಿಗೂ ಕಾಣುವ ಕಡೆ. ಶೌಚಾಲಯದ ಬಾಗಿಲ ಹತ್ತಿರ ಬೇಡ. ಮಕ್ಕಳಿಗೆ ಒಂದು ಗಿಡ್ಡ ಬೇಸಿನ್ ಇರಲಿ. ನೀರಿನ ಸಂಪು ಮಾತ್ರ ದೊಡ್ಡದು ಮಾಡಿ. ನಮ್ಮ ಕಡೆ ನಲ್ಲಿ ನೀರನ್ನು ನಂಬಿ ಹೋಟೆಲ್ ನಡೆಸೋಕೆ ಆಗೋದಿಲ್ಲ. ಪಾತ್ರೆ ತೊಳೆದ ನೀರು ಗಟಾರಕ್ಕೆ ಹೋಗುವ ಮೊದಲು ಜಿಡ್ಡು ಹಿಡಿಯುವ ತೊಟ್ಟಿ ದಾಟಲಿ.

ನೆಲ, ಟೇಬಲ್, ಗೋಡೆ

ಕೂರುವ ಕಡೆ ಶಹಾಬಾದ್ ಫರಸಿ ಹಾಕಿ. ತಣ್ಣಗಿರುತ್ತದೆ, ನಮ್ಮ ಮನೆ, ಅಂಗಳ, ಖಾನಾವಳಿಗಳ ನೆನಪು ತರುತ್ತದೆ, ಒರಟು ಮುಖದ್ದು ಹಾಕಿದರೆ ಜಾರೋದೂ ಇಲ್ಲ. ಆದರೆ ಸೀಲರ್ ಹೊಡೆಯದೆ ಬಿಟ್ಟರೆ ಎಣ್ಣೆ ಕುಡಿದು ಕಪ್ಪು ಮಚ್ಚೆ ಬೀಳುತ್ತದೆ. ಅಡುಗೆ ಭಾಗಕ್ಕೆ ಜಾರದ ಟೈಲ್ಸ್, ನೂರಡಿಗೆ ಒಂದಡಿ ಇಳಿಜಾರು.

ಟೇಬಲ್ ಮೇಲೆ ಶಹಾಬಾದ್ ಬೇಡ, ಕಡಪಾ ಕಲ್ಲೂ ಬೇಡ. ಎರಡೂ ಸುಣ್ಣದ ಕಲ್ಲುಗಳು. ಲಿಂಬಿಹಣ್ಣು, ವಿನೆಗರ್ ಬಿದ್ದ ಕಡೆ ಹೊಳಪು ಹೋಗಿ ಬಿಳಿ ಕಲೆ ನಿಲ್ಲುತ್ತದೆ, ಏಷ್ಯಾ ಊಟದಲ್ಲಿ ಹುಳಿ ಇಲ್ಲದ ತಟ್ಟೆ ಸಿಗೋದೇ ಅಪರೂಪ. ಪಕ್ಕದ ಇಳಕಲ್‌ನ ಕೆಂಪು ಗ್ರಾನೈಟ್ ಇದೆಯಲ್ಲ, ಹುಳಿಗೆ ಜಗ್ಗೋದಿಲ್ಲ, ಬಿಸಿಗೂ ಜಗ್ಗೋದಿಲ್ಲ. ಮಲೇಷ್ಯಾ, ಸಿಂಗಾಪುರದ ಹಳೇ ಕಾಫಿ ಅಂಗಡಿಗಳಲ್ಲಿ ದುಂಡನೆಯ ಅಮೃತಶಿಲೆ ಟೇಬಲ್ ಇರುತ್ತದೆ. ಅದೇ ಆಕಾರ, ಕಲ್ಲು ನಮ್ಮದು. ಅಂಚಿಗೆ ಬಡಿಗೇರರಿಂದ ಮರದ ಪಟ್ಟಿ ಹಾಕಿಸಬೇಡಿ, ಸಂದಿಯಲ್ಲಿ ಸಾಸ್ ಕೂತು ಇರುವೆ ಬರುತ್ತವೆ. ಕಲ್ಲನ್ನೇ ದುಂಡಗೆ ಮಸೆಸಿ.

ಬಿದಿರಿನ ಕೆಲಸವನ್ನು ಮೇದಾರರ ಕೈಯಲ್ಲೇ ಮಾಡಿಸಿ. ದೀಪದ ಬುಟ್ಟಿ, ಅಡ್ಡ ತಟ್ಟಿ, ಮೆನು ಹಲಗೆ ಯಾವುದಾದರೂ ಸರಿ. ಅವರು ಹೆಣೆಯುವ ಮೊರ, ಬುಟ್ಟಿಯ ನೇಯ್ಗೆ ಏಷ್ಯಾದ ಯಾವ ಊರಿನ ಮಾರುಕಟ್ಟೆಯಲ್ಲಿಟ್ಟರೂ ಒಪ್ಪುವಂಥದ್ದು. ಬಿದಿರಿಗೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ದ್ರಾವಣ ಕುಡಿಸಿದ ಮೇಲೆ ಬಳಸಿ, ಇಲ್ಲದಿದ್ದರೆ ಹುಳು ಹಿಡಿದು ಪುಡಿ ಉದುರುತ್ತದೆ, ಅದೂ ಊಟದ ಮೇಲೆ. ಜಪಾನಿನ ಅಂಗಡಿಗಳ ಬಾಗಿಲಲ್ಲಿ ಸೀಳು ಬಿಟ್ಟ ಬಟ್ಟೆ ಪರದೆ ನೇತಾಡುತ್ತದೆ, ನೊರೆನ್ ಅಂತಾರೆ, ಅಂಗಡಿ ತೆರೆದಾಗ ಹಾಕಿ ಮುಚ್ಚುವಾಗ ತೆಗೆಯುತ್ತಾರೆ. ಬೆಟಗೇರಿಯ ಕೈಮಗ್ಗದ ಬಟ್ಟೆಯಲ್ಲಿ ಅದನ್ನು ಹೊಲಿಸಿ ನೋಡಿ.

ಸದ್ದಿನ ಬಗ್ಗೆ ಯಾರೂ ಯೋಚಿಸೋದಿಲ್ಲ. ಕಲ್ಲಿನ ನೆಲ, ತಗಡಿನ ಸೂರು, ನೂರು ಜನ, ಎಂಟು ಬಾಣಲೆ. ಎದುರಿಗೆ ಕೂತವರ ಮಾತು ಕೇಳೋದಿಲ್ಲ. ಬೀದಿಯಲ್ಲಿ ಸದ್ದು ಆಕಾಶಕ್ಕೆ ಹೋಗುತ್ತದೆ, ಹಾಲಿನಲ್ಲಿ ಸೂರಿಗೆ ಬಡಿದು ವಾಪಸ್ ಬರುತ್ತದೆ. ಆದ್ದರಿಂದ ಸೂರಿನ ಕೆಳಗೆ ಸದ್ದು ಹೀರುವ ವುಡ್‌ವುಲ್ ಹಲಗೆ ಹೊಡೆಸಿ. ಒಲೆಯಿಂದ ದೂರದ ಗೋಡೆಗೆ ನವಲಗುಂದದ ಜಮಖಾನೆ ತೂಗುಹಾಕಿ, ಗೋಡೆಗೂ ಅದಕ್ಕೂ ಎರಡು ಇಂಚು ಸಂದು ಬಿಟ್ಟು. ಆ ಸಂದು ಇದ್ದರೆ ಸದ್ದು ಹೆಚ್ಚು ಹೀರುತ್ತದೆ. ನವಿಲು, ಪಗಡೆ ಹಾಸಿನ ಆ ಕೆಂಪು ಹಳದಿ ಬಣ್ಣದ ಮುಂದೆ ಡ್ರ್ಯಾಗನ್ ಚಿತ್ರ ಏನೂ ಅಲ್ಲ.

ಬೆಳಕು, ಬೋರ್ಡು

ಕೆಂಪು ಲಾಟೀನು ಬೇಕೇ ಬೇಕು ಅಂದರೆ ಮೇಲೆ, ಎತ್ತರಕ್ಕೆ ಕಟ್ಟಿ. ಅದರ ಬೆಳಕು ತಟ್ಟೆ ಮೇಲೆ ಬೀಳಬಾರದು. ಕೆಂಪು ಬೆಳಕಲ್ಲಿ ಕೊತ್ತಂಬರಿ ಕಪ್ಪಗೆ ಕಾಣುತ್ತದೆ, ಅನ್ನ ಗುಲಾಬಿ ಆಗುತ್ತದೆ. ತಟ್ಟೆ ಮೇಲೆ ಬೀಳುವ ದೀಪ ಬೇರೆ ಇರಲಿ: 2700ರಿಂದ 3000 ಕೆಲ್ವಿನ್, ಟೇಬಲ್‌ನಿಂದ ಮೂರಡಿ ಮೇಲೆ. ಬಲ್ಬಿನ ಡಬ್ಬಿ ಮೇಲೆ ಸಿಆರ್‌ಐ ಅಂತ ಒಂದು ಸಂಖ್ಯೆ ಇರುತ್ತದೆ, ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನೋದರ ಲೆಕ್ಕ ಅದು. 90ಕ್ಕಿಂತ ಕಡಿಮೆ ತರಬೇಡಿ. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನು ನಿಷೇಧಿಸಿದ ಮೇಲೆ ಗೋಬಿ ತನ್ನ ಸಹಜ ಕಂದು ಬಣ್ಣಕ್ಕೆ ಬಂದಿದೆ. ಒಳ್ಳೆ ದೀಪದ ಕೆಳಗೆ ಅದು ಹಸಿವು ಹುಟ್ಟಿಸುತ್ತದೆ, ಅಗ್ಗದ ಟ್ಯೂಬ್‌ಲೈಟ್ ಕೆಳಗೆ ಬೂದಿ ಬಣ್ಣಕ್ಕೆ ತಿರುಗುತ್ತದೆ.

ಬೋರ್ಡಿನಲ್ಲಿ ಕನ್ನಡ ಮೇಲ್ಭಾಗದಲ್ಲಿ, ಶೇ. 60ರಷ್ಟು ಇರಲೇಬೇಕು ಅಂತ ಕಾನೂನೇ ಇದೆ. ಕಾನೂನಿಗಷ್ಟೇ ಅಂತ ಮಾಡಬೇಡಿ, ಕೈಯಲ್ಲಿ ಬೋರ್ಡ್ ಬರೆಯುವ ಪೇಂಟರ್‌ಗಳು ಇನ್ನೂ ನಮ್ಮೂರಲ್ಲಿದ್ದಾರೆ, ಅವರಿಗೆ ಕೆಲಸ ಕೊಡಿ. ಚೀನಿ, ಜಪಾನಿ ಅಕ್ಷರ ಬರೆಸೋದಾದರೆ ಆ ಭಾಷೆ ಬಲ್ಲವರಿಗೆ ತೋರಿಸಿದ ಮೇಲೆಯೇ ಬರೆಸಿ. ಜಪಾನಿನ ಕೆಂಪು ತೊರಿಯಿ ಕಮಾನು ಅವರ ದೇವಸ್ಥಾನದ ಬಾಗಿಲು, ಅದನ್ನು ಶೌಚಾಲಯದ ದಾರಿಗೆ ಹಾಕಬೇಡಿ. ಅನ್ನದಲ್ಲಿ ನೆಟ್ಟಗೆ ಚುಚ್ಚಿದ ಚಾಪ್‌ಸ್ಟಿಕ್ ಅಲ್ಲಿ ಸತ್ತವರಿಗೆ ಎಡೆ ಇಡುವ ರೀತಿ, ಅದು ಗೋಡೆ ಚಿತ್ರದಲ್ಲಿ ಬರಬಾರದು. ಬುದ್ಧನ ಮೂರ್ತಿಯನ್ನು ಕ್ಯಾಶ್ ಕೌಂಟರಿನ ಅಲಂಕಾರಕ್ಕೆ ಇಡೋದು ಥಾಯ್ಲೆಂಡಿನವರಿಗೆ ನೋವು ತರುತ್ತದೆ. ನಮ್ಮ ಸಿದ್ಧಾರೂಢರ ಮೂರ್ತಿಯನ್ನು ಯಾರಾದರೂ ಹಾಗೆ ಬಾರಿನಲ್ಲಿಟ್ಟರೆ ನಮಗೆ ಹೇಗನಿಸುತ್ತದೆ ಅಲ್ವಾ? ಒಂದು ಅಂಗಡಿಯಲ್ಲಿ ಗಿರಮಿಟ್ ಇರಲಿ, ಮಿರ್ಚಿ ಇರಲಿ. ಹುಬ್ಬಳ್ಳಿ ಇರೋದೂ ಏಷ್ಯಾದಲ್ಲೇ. ಆ ಅಂಗಡಿಗೆ ಬಾಗಿಲ ಪಕ್ಕದ ಜಾಗ ಕೊಡಿ.

ತೆರೆಯುವ ಮೊದಲು

ಪೂಜೆಗೆ ಒಂದು ವಾರ ಮುಂಚೆ ಎಲ್ಲ ಒಲೆ ಒಟ್ಟಿಗೆ ಹಚ್ಚಿ ಎರಡು ತಾಸು ಅಡುಗೆ ಮಾಡಿಸಿ. ಕೆಲಸ ಮಾಡಿದ ಗೌಂಡಿ, ಬಡಿಗೇರ, ಎಲೆಕ್ಟ್ರಿಷಿಯನ್, ಅವರ ಮನೆಯವರು ಎಲ್ಲರನ್ನೂ ಊಟಕ್ಕೆ ಕರೆಯಿರಿ, ಹಾಲ್ ತುಂಬಬೇಕು. ಊದುಬತ್ತಿ ಮತ್ತೆ ಹಿಡಿಯಿರಿ. ಕರೆಂಟು ತೆಗೆದು ಜನರೇಟರ್ ಎಕ್ಸಾಸ್ಟ್ ಎಳೆಯುತ್ತದಾ ನೋಡಿ. ಬರೀ ದೀಪ ಹತ್ತಿದರೆ ಉಪಯೋಗ ಇಲ್ಲ, ಹೊಗೆ ಎರಡೇ ನಿಮಿಷಕ್ಕೆ ತುಂಬಿಕೊಳ್ಳುತ್ತದೆ. ವಯಸ್ಸಾದವರು ಯಾವ ಕುರ್ಚಿ ಬಿಟ್ಟು ಯಾವುದರಲ್ಲಿ ಕೂರುತ್ತಾರೆ, ಟ್ರೇ ಯಾರು ಎಲ್ಲಿ ಬಿಟ್ಟು ಹೋಗುತ್ತಾರೆ, ಸಾಲು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಲ್ಲ ಬರೆದುಕೊಳ್ಳಿ. ಟೇಬಲ್‌ಗಳನ್ನು ನೆಲಕ್ಕೆ ಬೋಲ್ಟ್ ಹೊಡೆಯೋದು, ಟ್ರೇ ಕಪಾಟಿನ ಜಾಗ ಗಟ್ಟಿ ಮಾಡೋದು ಆ ಊಟ ಆದ ಮೇಲೆಯೇ ಆಗಲಿ.